ಕಲಿಸಲು ಹೊರಟವರ ಕಲಿಕೆ: ಬಾಸೆಲ್‌ನಿಂದ ಬಲ್ಮಠದವರೆಗೆ

ಮಳೆಗಾಲ ಹಿಡಿಯುವ ಮೊದಲು ಹಳೆಯ ಮನೆಯ ಮಾಡಿಗೆ ಏಣಿ ಇಟ್ಟು, ಒಡೆದ ಹೆಂಚು ತೆಗೆದು ಹೊಸತು ಹಾಕುವುದು ನಮ್ಮ ಕಡೆ ವರ್ಷವೂ ಇದ್ದ ಕೆಲಸ. ಹಾಗೆ ಕೆಳಗಿಳಿಸಿದ ಹಳೆಯ ಹೆಂಚುಗಳಲ್ಲಿ ಕೆಲವಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ‘ಬಾಸೆಲ್ ಮಿಷನ್’ ಎಂಬ ಅಚ್ಚು ಇರುತ್ತಿತ್ತು. "ಬಾಸೆಲ್ ಅಂದ್ರೆ ಎಂತ ಬಾಪ?" ಎಂದು ಮಕ್ಕಳು ಕೇಳಿದರೆ, "ಅದು ಬಿಳಿಯ ಪಾದ್ರಿಗಳ ಊರು" ಎಂದು ಹೇಳಿ ಬಾಪ ಏಣಿ ಹತ್ತುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು.

ಉತ್ತರ ತಪ್ಪಲ್ಲ, ಆದರೆ ಅರ್ಧ. ಆ ಪಾದ್ರಿಗಳು ಊರಿಗೆ ಬಂದದ್ದು, ಹೆಂಚಿನ ಕಾರ್ಖಾನೆ ಮಾಡಿದ್ದು, ಶಾಲೆ ತೆರೆದದ್ದು ನಮಗೆ ಗೊತ್ತುಂಟು. ಅದಕ್ಕೆ ಮೊದಲು, ಹಡಗು ಹತ್ತುವುದಕ್ಕಿಂತ ಮುಂಚೆ, ವರ್ಷಗಟ್ಟಲೆ ಅವರನ್ನು ಒಂದೇ ಕಟ್ಟಡದೊಳಗೆ ಕೂರಿಸಿ ತಯಾರು ಮಾಡಿದ ಕತೆ ಹೆಚ್ಚಿನವರಿಗೆ ಗೊತ್ತಿಲ್ಲ. ನಮ್ಮ ಮಕ್ಕಳೂ ಉಸ್ತಾದರಾಗಿ, ಇಮಾಮರಾಗಿ, ಕೆಲಸಗಾರರಾಗಿ ಕಡಲು ದಾಟುವ ಈ ಕಾಲದಲ್ಲಿ ಆ ಕತೆ ಒಮ್ಮೆ ಕೇಳಿಕೊಳ್ಳಬೇಕಾದದ್ದು.

ರೈನ್ ನದಿ ದಡದ ‘ದರ್ಸ್’

ಬಾಸೆಲ್ ಸ್ವಿಟ್ಜರ್‌ಲ್ಯಾಂಡಿನ ವ್ಯಾಪಾರದ ಪಟ್ಟಣ. ರೈನ್ ನದಿ ದಡದಲ್ಲಿ ಉಂಟು. ಒಂದು ಕಡೆ ಜರ್ಮನಿ, ಇನ್ನೊಂದು ಕಡೆ ಫ್ರಾನ್ಸ್. 1815ರಲ್ಲಿ ಅಲ್ಲಿನ ಪಾದ್ರಿಗಳು ಮತ್ತು ಅನುಕೂಲಸ್ಥ ಗೃಹಸ್ಥರು ಸೇರಿ ಮಿಷನ್ ಸಂಸ್ಥೆ ಕಟ್ಟಿದರು. ಮರುವರ್ಷ, 1816ರಲ್ಲಿ, ಸೆಮಿನರಿ ಶುರುವಾಯಿತು. ಗಮನಿಸಿ: ಮೊದಲು ಕಳುಹಿಸಿ ಆಮೇಲೆ ಕಲಿಸಿದ್ದಲ್ಲ, ಮೊದಲು ಕಲಿಸುವ ಮನೆ ಕಟ್ಟಿದ್ದು. ಶುರುವಿನ ವರ್ಷಗಳಲ್ಲಿ ಅಲ್ಲಿ ಕಲಿತವರನ್ನು ಬೇರೆ ದೇಶದ ಸಂಸ್ಥೆಗಳಿಗೆ ಒಪ್ಪಿಸುತ್ತಿದ್ದರು. ತಮ್ಮದೇ ಸ್ವಂತ ನೆಲೆಗಳನ್ನು ಮಾಡಿಕೊಂಡದ್ದು ಆಮೇಲೆ.

ಸೇರುತ್ತಿದ್ದವರು ಯಾರು? ದೊಡ್ಡ ಮನೆತನದವರಲ್ಲ. ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಸೀಮೆಯ ಹಳ್ಳಿಗಳ ರೈತರ ಮಕ್ಕಳು, ನೇಕಾರರು, ಬಡಗಿಗಳು, ಚಮ್ಮಾರರು. ಕೈಯಲ್ಲಿ ಕೆಲಸ ಇತ್ತು, ಶಾಲೆಯ ಓದು ಕಡಿಮೆ. ವಿಶ್ವವಿದ್ಯಾನಿಲಯ ಕಂಡವರು ಬೆರಳೆಣಿಕೆಯಷ್ಟು ಮಂದಿ.

ಸೇರಬೇಕಾದರೆ ಹುಡುಗ ತನ್ನ ಜೀವನದ ಕತೆಯನ್ನು ಕೈಯಾರೆ ಬರೆದು ಕೊಡಬೇಕು. ಹುಟ್ಟಿದ್ದು ಎಲ್ಲಿ, ಬೆಳೆದದ್ದು ಹೇಗೆ, ಏನು ತಪ್ಪು ಮಾಡಿದೆ, ಈ ಕೆಲಸಕ್ಕೆ ಮನಸ್ಸು ಯಾಕೆ ಬಂತು, ಎಲ್ಲವೂ ಅದರಲ್ಲಿ ಬರಬೇಕು. ಊರಿನ ಪಾದ್ರಿಯ ಶಿಫಾರಸು ಬೇಕು. ದೇಹ ಗಟ್ಟಿ ಉಂಟಾ ಎಂದೂ ನೋಡುತ್ತಿದ್ದರು. ಬರೀ ಉತ್ಸಾಹ ನೋಡಿ ಯಾರನ್ನೂ ಸೇರಿಸುತ್ತಿರಲಿಲ್ಲ.

ಒಳಗೆ ಹೋದ ಮೇಲಿನ ಬದುಕು ನಮ್ಮ ಪಳ್ಳಿ ದರ್ಸ್‌ನಲ್ಲಿ ಕಲಿತವರಿಗೆ ಪೂರ್ತಿ ಹೊಸತು ಅನಿಸಲಿಕ್ಕಿಲ್ಲ. ಬೆಳಗ್ಗೆ ಬೇಗ ಏಳಬೇಕು, ಪ್ರಾರ್ಥನೆ, ಪಾಠ, ಮತ್ತೆ ಪಾಠ. ಎಲ್ಲರೂ ಪರಸ್ಪರ ‘ಸಹೋದರ’ರು, ಮೇಲೆ ಮನೆಯ ಯಜಮಾನನಂತೆ ಒಬ್ಬ ಇನ್ಸ್‌ಪೆಕ್ಟರ್. ಬೈಬಲ್ ಓದಲು ಹೀಬ್ರು ಮತ್ತು ಗ್ರೀಕ್, ಅದರ ಜೊತೆ ಲ್ಯಾಟಿನ್. ಬ್ರಿಟಿಷರ ನಾಡಿನಲ್ಲಿ ಕೆಲಸ ಮಾಡಬೇಕಲ್ಲ, ಅದಕ್ಕೆ ಇಂಗ್ಲಿಷ್. ಭೂಗೋಳ, ಲೆಕ್ಕ, ಸಂಗೀತ ಕೂಡ ಇತ್ತು. ಓದಿನ ನಡುವೆ ಮೈಮುರಿಯುವ ದುಡಿಮೆ: ತೋಟದ ಕೆಲಸ, ಸೌದೆ ಒಡೆಯುವುದು, ಮರಗೆಲಸ, ಪುಸ್ತಕಕ್ಕೆ ಹೊದಿಕೆ ಕಟ್ಟುವುದು. ಪರದೇಶದಲ್ಲಿ ಮುರಿದ ಬಾಗಿಲು ಸರಿ ಮಾಡಲು ಯಾರನ್ನು ಕರೆಯುತ್ತೀರಿ? ನೀವೇ ಮಾಡಬೇಕು ಎಂಬ ಲೆಕ್ಕಾಚಾರ.

ಅದೆಲ್ಲಕ್ಕಿಂತ ಗಟ್ಟಿಯಾಗಿ ಕಲಿಸಿದ್ದು ವಿಧೇಯತೆ. ಯಾವ ದೇಶಕ್ಕೆ, ಯಾವಾಗ, ಯಾರ ಜೊತೆ ಹೋಗಬೇಕು ಎಂದು ತೀರ್ಮಾನಿಸುವುದು ಬಾಸೆಲ್‌ನ ಸಮಿತಿ. ಮದುವೆಯೂ ಅವರ ಅನುಮತಿಯಲ್ಲಿಯೇ. ಹೋಗುವಾಗ ಒಂಟಿಯಾಗಿ ಹೋಗಬೇಕು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಅನುಮತಿ ಕೇಳಬಹುದು. ಸಮಿತಿ ಒಪ್ಪಿದರೆ ವಧು ಹಡಗಿನಲ್ಲಿ ಬರುತ್ತಿದ್ದಳು. ಎಷ್ಟೋ ಸಲ ಮದುಮಗ ಮದುಮಗಳ ಮುಖವನ್ನು ಮೊದಲು ನೋಡಿದ್ದು ಬಂದರಿನ ಧಕ್ಕೆಯಲ್ಲಿ!

ಬೊಕ್ಕಪಟ್ಟಣದ ಮಾತು ಯಾರೂ ಕಲಿಸಲಿಲ್ಲ

ಇಷ್ಟೆಲ್ಲ ಕಲಿಸಿದ ಮನೆಯಲ್ಲಿ ಕಲಿಸದೆ ಬಿಟ್ಟದ್ದು ಯಾವುದು ಗೊತ್ತಾ? ಹೋಗುವ ಊರಿನ ಭಾಷೆ.

ಈಸ್ಟ್ ಇಂಡಿಯಾ ಕಂಪನಿಯ ಸೀಮೆಯೊಳಗೆ ಬ್ರಿಟಿಷರಲ್ಲದ ಮಿಷನರಿಗಳಿಗೆ ಬಾಗಿಲು ತೆರೆದದ್ದು 1833ರ ಕಾಯ್ದೆಯಿಂದ. ಮರುವರ್ಷವೇ ಬಾಸೆಲ್‌ನಿಂದ ಮೂವರು ಹೊರಟರು: ಸಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯಾನ್ ಗ್ರೈನರ್. ತಿಂಗಳುಗಟ್ಟಲೆ ಕಡಲ ಮೇಲಿದ್ದು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು, ಅದೇ ತಿಂಗಳ ಕೊನೆಗೆ ಮಂಗಳೂರಿಗೆ ಬಂದರು. ಗ್ರೀಕ್ ಗೊತ್ತು, ಹೀಬ್ರು ಗೊತ್ತು. ಬೊಕ್ಕಪಟ್ಟಣದಲ್ಲಿ ಮೀನು ಮಾರುವ ಹೆಂಗಸು ಎಂತ ಹೇಳ್ತಾಳೆ ಅಂತ ಮಾತ್ರ ಗೊತ್ತಿಲ್ಲ. ಪೇಟೆಯಲ್ಲಿ ಕೊಂಕಣಿ, ಹಳ್ಳಿಯಲ್ಲಿ ತುಳು, ಕಚೇರಿಯಲ್ಲಿ ಕನ್ನಡ, ಬಂದರಿನಲ್ಲಿ ನಮ್ಮ ಬ್ಯಾರಿ ಮಾತು. ತಲೆ ತಿರುಗದೆ ಇರುತ್ತದಾ?

ಹೀಗಾಗಿ ಅವರ ಎರಡನೆಯ ಶಾಲೆ ಶುರುವಾದದ್ದು ಇಲ್ಲಿ. ಗುರುಗಳು ಇಲ್ಲಿನ ಮುನ್ಶಿಗಳು, ಪಂಡಿತರು. ವಿದ್ಯಾರ್ಥಿ ಬಿಳಿಯ ಪಾದ್ರಿ. ಬಾಸೆಲ್‌ನಲ್ಲಿ ಪದವಿ ಮುಗಿಸಿ ಬಂದವರು ಇಲ್ಲಿ ಪುನಃ ಓ ನಾಮದಿಂದ ಶುರು ಮಾಡಬೇಕಾಯಿತು. ಯಾರು ಈ ಎರಡನೆಯ ಶಾಲೆಯಲ್ಲಿ ತಾಳ್ಮೆಯಿಂದ ಕೂತರೋ ಅವರ ಹೆಸರು ಇಂದಿಗೂ ನಾಡಿನಲ್ಲಿ ಉಳಿದಿದೆ.

ಹೆಬಿಕ್ ಧೈರ್ಯದ ಮನುಷ್ಯ. ಉದ್ದ ಗಡ್ಡ, ದೊಡ್ಡ ಸ್ವರ. ಜಾತ್ರೆಗಳಿಗೆ ನುಗ್ಗಿ ಭಾಷಣ ಮಾಡುತ್ತಿದ್ದರು. ಆದರೆ ಇಲ್ಲಿನ ಭಾಷೆ ಅವರ ನಾಲಗೆಗೆ ಹತ್ತಲೇ ಇಲ್ಲ, ಕೊನೆಯವರೆಗೂ ದುಭಾಷಿ ಬೇಕಿತ್ತು. ಅವರ ಜೊತೆಯಲ್ಲೇ ಬಂದ ಗ್ರೈನರ್ ತುಳು ಕಲಿತು, ಬೈಬಲ್‌ನ ಹೊಸ ಒಡಂಬಡಿಕೆಯನ್ನು ತುಳುವಿಗೆ ತರುವ ಕೆಲಸಕ್ಕೆ ಕೈ ಹಾಕಿದರು.

1836ರಲ್ಲಿ ಬಂದ ಹರ್ಮನ್ ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಅವರು ಕನ್ನಡ ಕಲಿತ ಬಗೆಯೇ ಬೇರೆ. ಗಾದೆ ಕೂಡಿಸಿದರು, ದಾಸರ ಪದ ಸಂಗ್ರಹಿಸಿದರು, ಹಳೆಯ ಕನ್ನಡ ಕಾವ್ಯಗಳನ್ನು ಪ್ರತಿ ಮಾಡಿಸಿ ಅಚ್ಚು ಹಾಕಿಸಿದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ಅದರ ನೆನಪಿಗೇ ಜುಲೈ 1ನ್ನು ಪತ್ರಿಕಾ ದಿನ ಎಂದು ಆಚರಿಸುವುದು. ನೀವು ಈಗ ಕೈಯಲ್ಲಿ ಹಿಡಿದಿರುವ ಪತ್ರಿಕೆಯ ವಂಶವೃಕ್ಷವನ್ನು ಹುಡುಕುತ್ತಾ ಹೋದರೂ ಬಾಸೆಲ್ ಮಿಷನ್ನಿನ ಕಲ್ಲಚ್ಚಿಗೇ ಹೋಗಿ ಮುಟ್ಟುತ್ತದೆ.

ಇನ್ನು ಫರ್ಡಿನೆಂಡ್ ಕಿಟೆಲ್. ಪಾದ್ರಿಯ ಮಗ, ಉತ್ತರ ಜರ್ಮನಿಯವರು. 1850ರಲ್ಲಿ ಬಾಸೆಲ್ ಸೆಮಿನರಿಗೆ ಸೇರಿ, 1853ರಲ್ಲಿ ಭಾರತಕ್ಕೆ ಬಂದರು. ಕನ್ನಡಿಗರ ನಡುವೆ ಕನ್ನಡಿಗನಾಗಿಯೇ ಬದುಕಬೇಕು ಎಂಬುದು ಅವರ ಹಠ. ಧಾರವಾಡ ಸೀಮೆಯ ಹಳ್ಳಿಗಳಲ್ಲಿ ನಡೆದಾಡಿ ಜನರ ಮಾತು ಕೇಳಿಸಿಕೊಂಡರು. ಪ್ರಚಾರದ ಕೆಲಸ ಬಿಟ್ಟು ಪದಗಳ ಹಿಂದೆ ಬಿದ್ದಿದ್ದಾನೆ ಎಂದು ಮೇಲಿನವರಿಗೆ ಅಸಮಾಧಾನವೂ ಆಯಿತು. ಅದೇ ಮನುಷ್ಯ ಪಂಡಿತರ ನೆರವಿನಿಂದ ವರ್ಷಗಟ್ಟಲೆ ದುಡಿದು 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. 1886ರಲ್ಲಿ ಮಾನ್ನರ್ ಅವರ ತುಳು-ಇಂಗ್ಲಿಷ್ ನಿಘಂಟು ಬಂತು. ಅತ್ತ ಹರ್ಮನ್ ಗುಂಡರ್ಟ್ ಅವರ ಮಲಯಾಳಂ ನಿಘಂಟು 1872ರಲ್ಲೇ ಬಂದಿತ್ತು.

ಅವರು ಬಂದದ್ದು ಮತಪ್ರಚಾರಕ್ಕೆ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ, ಅವರೂ ಮುಚ್ಚಿಟ್ಟವರಲ್ಲ. ನಮ್ಮ ಹಿರಿಯರಿಗೆ ಅವರ ಶಾಲೆ, ಪುಸ್ತಕಗಳ ಬಗ್ಗೆ ಅನುಮಾನ ಇದ್ದಿದ್ದರೆ ಅದಕ್ಕೆ ಕಾರಣವೂ ಇತ್ತು. ಆದರೆ ನೂರೈವತ್ತು ವರ್ಷ ಕಳೆದ ಮೇಲೆ ತಿರುಗಿ ನೋಡಿದರೆ, ಅವರ ಪ್ರವಚನಗಳು ಯಾರಿಗೂ ನೆನಪಿಲ್ಲ. ಎಲ್ಲ ಧರ್ಮದವರ ಕಪಾಟಿನಲ್ಲೂ ಉಳಿದದ್ದು ಅವರು ಕೇಳಿ ಕಲಿತು ಬರೆದಿಟ್ಟದ್ದು.

ಆಗ್ರಾದಲ್ಲಿ ಎದುರಾದ ಎರಡು ತಯಾರಿ

ಅದೇ ಬಾಸೆಲ್ ಸೆಮಿನರಿಯ ಇನ್ನೊಬ್ಬ ವಿದ್ಯಾರ್ಥಿಯ ಹೆಸರು ನಮ್ಮ ಉಸ್ತಾದರುಗಳಿಗೆ ಗೊತ್ತಿರುತ್ತದೆ: ಕಾರ್ಲ್ ಫಾಂಡರ್. 1820ರಿಂದ 25ರವರೆಗೆ ಬಾಸೆಲ್‌ನಲ್ಲಿ ಕಲಿತು, ಕಾಕಸಸ್ ಪರ್ವತ ಸೀಮೆಯ ಶುಶಾ ಎಂಬಲ್ಲಿಗೆ ಹೋದರು. ಅಲ್ಲಿ ಪಾರ್ಸಿ, ತುರ್ಕಿ ಭಾಷೆಗಳನ್ನು ಚೆನ್ನಾಗಿಯೇ ಕಲಿತರು. ಮುಸ್ಲಿಮರನ್ನು ಉದ್ದೇಶಿಸಿ ‘ಮೀಝಾನುಲ್ ಹಕ್’ ಎಂಬ ಪುಸ್ತಕ ಬರೆದರು. ರಷ್ಯಾದ ಸರಕಾರ ಆ ಮಿಷನ್ನಿಗೆ ಬೀಗ ಹಾಕಿಸಿದ ಮೇಲೆ ಭಾರತಕ್ಕೆ ಬಂದು, ಇಂಗ್ಲಿಷರ ಮಿಷನ್ ಸೇರಿ ಆಗ್ರಾದಲ್ಲಿ ನೆಲೆ ನಿಂತರು.

1854ರ ಏಪ್ರಿಲಿನಲ್ಲಿ ಆಗ್ರಾದಲ್ಲಿ ಬಹಿರಂಗ ವಾದ ನಡೆಯಿತು. ಎದುರಿಗೆ ಕೈರಾನಾದ ಮೌಲಾನಾ ರಹ್ಮತುಲ್ಲಾ. ಅವರ ಜೊತೆಗೆ ಡಾ. ವಝೀರ್ ಖಾನ್. ವೈದ್ಯ ವಿದ್ಯೆ ಕಲಿತವರು, ಇಂಗ್ಲಿಷ್ ಬಲ್ಲವರು. ಬೈಬಲ್ ಪ್ರತಿಗಳ ಪಾಠಾಂತರಗಳ ಬಗ್ಗೆ ಯುರೋಪಿನ ವಿದ್ವಾಂಸರೇ ಬರೆದ ಪುಸ್ತಕಗಳನ್ನು ಅವರು ಓದಿ ತಯಾರಾಗಿದ್ದರು. ಫಾಂಡರ್ ಕುರ್‌ಆನ್ ಬಗ್ಗೆ ವಾದಿಸಲು ತಯಾರಾಗಿ ಬಂದವರು. ತನ್ನದೇ ಯುರೋಪಿನಲ್ಲಿ, ತನ್ನದೇ ಗ್ರಂಥದ ಬಗ್ಗೆ, ತಾನು ಸೆಮಿನರಿ ಬಿಟ್ಟ ಮೇಲೆ ಎಷ್ಟು ಚರ್ಚೆ ಬೆಳೆದಿದೆ ಎಂಬ ಅಂದಾಜು ಅವರಿಗೆ ಇರಲಿಲ್ಲ. ಎರಡು ದಿನಕ್ಕೆ ವಾದ ನಿಂತಿತು.

1857ರ ಬಳಿಕ ರಹ್ಮತುಲ್ಲಾ ಕೈರಾನವಿಯವರು ಮಕ್ಕಾ ಸೇರಿದರು, ‘ಇಝ್‌ಹಾರುಲ್ ಹಕ್’ ಬರೆದರು. ಅವರು ಮಕ್ಕಾದಲ್ಲಿ ಕಟ್ಟಿದ ಸೌಲತಿಯ್ಯ ಮದ್ರಸಕ್ಕೆ ಆ ಹೆಸರು ಬಂದದ್ದು ಹಣ ಕೊಟ್ಟ ಕಲ್ಕತ್ತಾದ ಸೌಲತುನ್ನಿಸಾ ಎಂಬ ಮಹಿಳೆಯಿಂದ.

ಈ ವಾದದ ಕತೆ ಹೇಳುವಾಗ ನಾವು ಸಾಮಾನ್ಯವಾಗಿ ಯಾರು ಗೆದ್ದರು, ಯಾರು ಸೋತರು ಅಂತ ಮಾತ್ರ ಹೇಳುತ್ತೇವೆ. ನಾನು ಅದರಲ್ಲಿ ನೋಡುವುದು ಬೇರೆ. ಅಲ್ಲಿ ಎದುರಾದದ್ದು ಎರಡು ತಯಾರಿ. ಒಂದು, ಕಲಿತದ್ದು ಸಾಕು ಎಂದು ನಿಂತದ್ದು. ಇನ್ನೊಂದು, ಎದುರಿನವರ ಭಾಷೆ, ಎದುರಿನವರ ಪುಸ್ತಕ ತರಿಸಿ ಓದಿದ್ದು. ಹೆಚ್ಚು ಕಷ್ಟಪಟ್ಟು ಎದುರಿನವರನ್ನು ಓದಿದವರು ಆ ದಿನ ಮೌಲಾನಾ ಮತ್ತು ವೈದ್ಯರು. ನಾಳೆ ನಾವು ಓದುವುದು ಬಿಟ್ಟರೆ ಲೆಕ್ಕ ತಿರುಗುಮುರುಗಾಗುತ್ತದೆ, ಅಷ್ಟೇ.

ಕೊಟ್ಟ ಬೆಲೆ

ಹೊರಡುವವರಿಗೆ ಬಾಸೆಲ್‌ನಲ್ಲಿ ಸುಳ್ಳು ಭರವಸೆ ಏನೂ ಇರಲಿಲ್ಲ. 1828ರ ಕೊನೆಗೆ ಈಗಿನ ಘಾನಾ ದೇಶದ ಕರಾವಳಿಗೆ ತಲುಪಿದ ನಾಲ್ವರಲ್ಲಿ ಮೂವರು ವರ್ಷ ತುಂಬುವ ಮೊದಲೇ ಜ್ವರದಿಂದ ತೀರಿಕೊಂಡರು. ನಾಲ್ಕನೆಯವರೂ 1831ರಲ್ಲಿ ಹೋದರು. ಆ ಸುದ್ದಿ ಬಂದ ಮೇಲೂ ಮುಂದಿನ ತರಗತಿಯವರು ಪೆಟ್ಟಿಗೆ ಕಟ್ಟಿದರು.

ಸಾವಿಗಿಂತ ಕಷ್ಟದ್ದು ಮಕ್ಕಳ ವಿಷಯ. ಇಲ್ಲಿ ಹುಟ್ಟಿದ ಮಿಷನರಿ ಮಕ್ಕಳನ್ನು ಶಾಲೆಯ ವಯಸ್ಸು ಬಂದಾಗ ಯುರೋಪಿಗೆ ಕಳುಹಿಸುತ್ತಿದ್ದರು. ಗುಂಡರ್ಟ್ ದಂಪತಿಯ ಮಗಳು ಮರಿ 1842ರಲ್ಲಿ ಹುಟ್ಟಿದ್ದು ಮಲಬಾರಿನಲ್ಲಿ. ಚಿಕ್ಕಂದಿನಲ್ಲೇ ಉಪ್ಪ-ಉಮ್ಮನನ್ನು ಬಿಟ್ಟು ಪರದೇಶದಂಥ ‘ಸ್ವದೇಶ’ದಲ್ಲಿ ಬೆಳೆಯಬೇಕಾಯಿತು. ಆ ಮರಿಯ ಮಗನೇ ನೊಬೆಲ್ ಪ್ರಶಸ್ತಿ ಪಡೆದ ಸಾಹಿತಿ ಹರ್ಮನ್ ಹೆಸ್ಸೆ. ಅವರ ತಂದೆ ಯೋಹಾನಸ್ ಹೆಸ್ಸೆ ಬಾಸೆಲ್ ಮಿಷನ್ನಿನವರೇ, ಮಂಗಳೂರಿನಲ್ಲೂ ಕೆಲಸ ಮಾಡಿದವರು, ಆರೋಗ್ಯ ಕೆಟ್ಟು ಊರಿಗೆ ಮರಳಿದವರು.

ಇದನ್ನು ಓದುವಾಗ ಗಲ್ಫ್‌ನ ನೆನಪಾಗದ ಬ್ಯಾರಿ ಮನೆ ಯಾವುದುಂಟು ಹೇಳಿ? ಬಾಪ ದಮ್ಮಾಮಿನಲ್ಲಿ, ಉಮ್ಮ ದೇರಳಕಟ್ಟೆಯಲ್ಲಿ, ಮಗು ಬಾಪನನ್ನು ಫೋನಿನಲ್ಲಿ ಮಾತ್ರ ಬಲ್ಲದ್ದು. ಸಮಿತಿಯವರು ಕುಟುಂಬದ ಬೆಲೆಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾವು ಹಿಡಿಯುತ್ತೇವಾ? ಪಾಸ್‌ಪೋರ್ಟು, ವೀಸಾ, ಮೆಡಿಕಲ್ ಎಂದು ಓಡಾಡುವ ನಾವು ಹೆಂಡತಿ ಮಕ್ಕಳ ಜೊತೆ ಕೂತು ‘ಎಷ್ಟು ವರ್ಷ, ಹೇಗೆ, ಆಮೇಲೆ ಎಂತ’ ಎಂದು ಮಾತಾಡುವುದು ಕಡಿಮೆ.

ನಮ್ಮ ಪೆಟ್ಟಿಗೆಯಲ್ಲಿ ಏನುಂಟು?

ತಯಾರಿಯ ಪಾಠ ನಮಗೆ ಬಾಸೆಲ್‌ನಿಂದಲೇ ಬರಬೇಕಾಗಿಲ್ಲ. ಹಿಜ್‌ರಾಕ್ಕೆ ಮುಂಚೆ ಮದೀನಕ್ಕೆ ಕಲಿಸಲು ಹೋದದ್ದು ಮುಸ್‌ಅಬ್ ಬಿನ್ ಉಮೈರ್ (ರ). ಪ್ರವಾದಿಯವರು (ಸ) ಮುಆದ್ ಬಿನ್ ಜಬಲ್‌ರನ್ನು (ರ) ಯಮನ್‌ಗೆ ಕಳುಹಿಸುವಾಗ, ಹೋಗುತ್ತಿರುವುದು ಗ್ರಂಥದವರ ನಡುವೆ ಎಂದು ಮೊದಲೇ ತಿಳಿಸಿದರು. ಜನರಿಗೆ ಸುಲಭ ಮಾಡಿಕೊಡಬೇಕು, ಕಷ್ಟ ಮಾಡಬಾರದು ಎಂದು ಬುದ್ಧಿ ಹೇಳಿದರು. ಯಮನ್‌ಗೆ ಹಾಗೆಯೇ ಕಳುಹಿಸಲ್ಪಟ್ಟ ಅಬೂ ಮೂಸಾ ಅಲ್‌ಅಶ್‌ಅರಿ (ರ) ಸ್ವತಃ ಯಮನ್ ನೆಲದವರು. ಊರು ಬಲ್ಲವರು ಕೆಲಸದಲ್ಲಿ ಇರಬೇಕು ಎಂಬುದು ಅದರಲ್ಲೇ ಇದೆ. ಝೈದ್ ಬಿನ್ ಸಾಬಿತ್‌ರಿಗೆ (ರ) ಯಹೂದಿಯರ ಲಿಪಿ ಕಲಿಯಲು ಹೇಳಿದ್ದು, ಅವರು ಕೆಲವೇ ದಿನಗಳಲ್ಲಿ ಕಲಿತದ್ದು ಹದೀಸ್ ಗ್ರಂಥಗಳಲ್ಲಿ ಉಂಟು.

ಆದರೆ ಇವತ್ತಿನ ಸ್ಥಿತಿ ನೋಡಿ. ದರ್ಸ್‌ನಲ್ಲಿ ಫತ್‌ಹುಲ್ ಮುಈನ್ ಓದಿ ಮುಗಿಸಿದ ಹುಡುಗ ವಿಮಾನ ಇಳಿದು ಬಕಾಲೆಯಲ್ಲಿ ಒಂದು ಬಾಟಲಿ ನೀರು ಕೇಳಲು ತಡವರಿಸುತ್ತಾನೆ. ಕಿತಾಬಿನ ಅರಬಿ ಬೇರೆ, ಬೀದಿಯ ಅರಬಿ ಬೇರೆ. ಹೀಬ್ರು, ಗ್ರೀಕ್ ಕಲಿತು ಬಂದ ಪಾದ್ರಿ ಬಂದರಿನಲ್ಲಿ ಕಣ್ಣು ಬಿಟ್ಟ ಹಾಗೆಯೇ ಇದು. ಆಫ್ರಿಕಾದ, ಯುರೋಪಿನ ಮಸೀದಿಗಳಿಗೆ ಹೋಗುವವರಿಗಂತೂ ಅರಬಿಯೂ ಸಾಲದು, ಅಲ್ಲಿ ಹುಟ್ಟಿದ ಮಕ್ಕಳು ಮಾತಾಡುವ ಭಾಷೆ ಬೇಕು.

ಕಾನೂನೂ ಅಷ್ಟೇ. ಊರಿನಲ್ಲಿ ಮೈಕ್ ಸಿಕ್ಕರೆ ಪ್ರಸಂಗ ಶುರು ಮಾಡಬಹುದು. ಯುಎಇಯಂಥ ದೇಶಗಳಲ್ಲಿ ಅಧಿಕೃತ ಅನುಮತಿ ಇಲ್ಲದೆ ಮಸೀದಿಯಲ್ಲಿ ಪ್ರವಚನ ಕೊಡುವಂತಿಲ್ಲ. ಅದನ್ನು ಅಲ್ಲಿ ಹೋಗಿ ತಿಳಿಯುವುದಲ್ಲ, ಹೊರಡುವ ಮೊದಲೇ ತಿಳಿದಿರಬೇಕು.

ನನ್ನ ಲೆಕ್ಕದಲ್ಲಿ ನಾಲ್ಕು ಸಂಗತಿ ಪೆಟ್ಟಿಗೆಗೆ ಹಾಕಬೇಕು. ಹೋಗುವ ಊರಿನ ಆಡುಮಾತನ್ನು ಕಡಿಮೆ ಅಂದರೆ ಆರು ತಿಂಗಳು ಕಲಿಯುವುದು. ಅಲ್ಲಿ ಇದ್ದು ಬಂದವರ ಹತ್ತಿರ ಕೂತು ಕಲಿತರೆ ಇನ್ನೂ ಒಳ್ಳೆಯದು. ಆ ದೇಶದ ಕಾನೂನು, ಅಲ್ಲಿನ ಜನರ ಧರ್ಮ, ಮರ್ಯಾದೆಗಳನ್ನು ತಿಳಿಯುವುದು. ಕೈಗೊಂದು ಕಸುಬು: ಕಂಪ್ಯೂಟರೋ, ವಯರಿಂಗೋ, ಅಡಿಗೆಯೋ, ಬೇಕಾದ್ದಾಗಲಿ. ಕೊನೆಯದಾಗಿ, ಮನೆಯವರ ಜೊತೆ ಮುಚ್ಚುಮರೆ ಇಲ್ಲದ ಮಾತು. ಜಮಾಅತ್ ಕಮಿಟಿಗಳು ಹೋಗುವವರಿಗೆ ಬೀಳ್ಕೊಡುಗೆ ಸಮಾರಂಭ ಮಾಡಿ ಶಾಲು ಹೊದಿಸುವುದು ಒಳ್ಳೆಯದೇ. ಅದರ ಜೊತೆ ಒಂದು ತರಬೇತಿಯನ್ನೂ ಕೊಟ್ಟರೆ ಶಾಲಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಇನ್ನೊಂದು ಮಾತು ಉಳಿದಿದೆ. ಕನ್ನಡಕ್ಕೆ ಕಿಟೆಲ್ ಬಂದರು, ತುಳುವಿಗೆ ಮಾನ್ನರ್ ಬಂದರು, ಮಲಯಾಳಕ್ಕೆ ಗುಂಡರ್ಟ್ ಬಂದರು. ಆ ಸಾಲಿನಲ್ಲಿ ಬ್ಯಾರಿ ಭಾಷೆಗೆ ಯಾರೂ ಬರಲಿಲ್ಲ. ಬಂದರಿನಲ್ಲಿ ನಿತ್ಯವೂ ಕೇಳುತ್ತಿದ್ದ ಮಾತು, ಆದರೂ ಹೊರಗಿನವರ ಕಿವಿಗೆ ಬೀಳಲಿಲ್ಲ. 2007ರಲ್ಲಿ ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ಕೆಲಸ ನಡೆಯುತ್ತಿದೆ, ನಿಜ. ಆದರೆ ಅಜ್ಜಿಯರ ಬಾಯಲ್ಲಿರುವ ಅಡುಗೆಮನೆಯ ಮಾತು, ಮೀನಿನ ಹೆಸರು, ಮೈಲಾಂಜಿ ಹಾಡಿನ ಪದ ಬರೆದುಕೊಳ್ಳಲು ಯುರೋಪಿನಿಂದ ಪಾದ್ರಿ ಬರುವುದಿಲ್ಲ, ಅಕಾಡೆಮಿಯವರು ಮನೆ ಮನೆಗೆ ಬರಲೂ ಆಗುವುದಿಲ್ಲ. ಪರದೇಶದ ಭಾಷೆ ಕಲಿಯಲು ಹೊರಡುವ ಮೋನು, ಹೊರಡುವ ಹಿಂದಿನ ವಾರ ಅಜ್ಜಿಯ ಹತ್ತಿರ ಒಂದು ನೋಟ್‌ಬುಕ್ ಹಿಡಿದು ಕೂತುಕೊಳ್ಳಲಿ. ಕೇಳಿಸಿಕೊಂಡು ಬರೆಯುವ ಅಭ್ಯಾಸ ಮನೆಯಲ್ಲೇ ಶುರುವಾದರೆ ಕಡಲಾಚೆಗೆ ಹೋದ ಮೇಲೂ ಅದು ಜೊತೆಗೆ ಬರುತ್ತದೆ.